ಕೊಡದಲ್ಲಿಟ್ಟ ಮಳೆ

ಸೇಲಂ ಕಡೆಯ ನಲ್ಲಂಪಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಮಾವ ಸರ್ಕಾರಕ್ಕೆ ಮಳೆ ಅಳೆದು ಕೊಡುತ್ತಿದ್ದರು. ಬೆಳಿಗ್ಗೆ ಮಳೆಮಾಪಕದ ಮುಂದೆ ಕುಕ್ಕರಗಾಲಲ್ಲಿ ಕೂತು, ಅಳತೆಗ್ಲಾಸಿನ ಗೆರೆಗೆ ಕಣ್ಣು ಸಮಮಾಡಿಕೊಳ್ಳುವರು. ಯಾರಾದರೂ "ಭಾರಿ ಮಳೆ" ಅಂದರೆ, "ಬಾಯಲ್ಲಿ ಹೇಳ್ಬೇಡ, ಅಳೆದು ಹೇಳು" ಅನ್ನುವರು.

ತೊಂಬತ್ತರ ದಶಕದ ಒಂದು ಕಾರ್ತಿಕದಲ್ಲಿ ಊರು ಕಂಡರಿಯದ ಮಳೆ ಹೊಯ್ಯಿತು. ಮಾವ ಕಳಿಸಿದ ಅಂಕಿಯನ್ನು ನಂಬದೆ ಸೇಲಂ ಆಫೀಸರು ಜೀಪಿನಲ್ಲಿ ಬಂದರು. "ಈ ಒಣ ಸೀಮೇಲಿ ಇಷ್ಟು ಮಳೆಯಾ? ರಾಂಗ್ ರೀಡಿಂಗು" ಎಂದು ಹೊಡೆದುಹಾಕಲು ಪೆನ್ನು ತೆಗೆದರು.

ಮಾವ ಹಿತ್ತಾಳೆ ಕೊಡ ತಂದಿಟ್ಟರು. ನೀರು ಆವಿಯಾಗದಂತೆ ಮುಚ್ಚಳದ ಸುತ್ತ ರಾಗಿಹಿಟ್ಟು ಮೆತ್ತಿತ್ತು. "ಮಾಪಕದ ನೀರು ಚೆಲ್ಲಿಲ್ಲ ಸಾರ್. ಮಳೆ ಪೂರಾ ಇದ್ರಲ್ಲೇ ಐತೆ. ನೀವೇ ಅಳೀರಿ."

ಆಫೀಸರು ಒಂದೊಂದೇ ಗ್ಲಾಸು ಅಳೆದರು. ಬೀದಿಯೇ ಕೂಗಿ ಎಣಿಸಿತು. ಅಂಕಿ ಒಂದು ಗೆರೆಯೂ ತಪ್ಪಲಿಲ್ಲ. ಪೆನ್ನು ಜೇಬು ಸೇರಿತು.

ಮಾವ ಆ ನೀರನ್ನು ನುಗ್ಗೆಮರದ ಬುಡಕ್ಕೆ ಹೊಯ್ದು, "ಈಗ ಬಿತ್ತು ಮಳೆ" ಎಂದರು.