ನದಿಯಾಚೆಯ ರೆಫರಿ

ಡಾಯ್ಲ್ ಸ್ಟಕಿ ಒಕ್ಲಹೋಮದಲ್ಲಿ ದನದ ಮೇವಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಶುಕ್ರವಾರ ಸಂಜೆ ಮಾತ್ರ ಪಟ್ಟೆ ಅಂಗಿ ತೊಟ್ಟು ಶಾಲೆ ಹುಡುಗರ, ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿಗೆ ರೆಫರಿಯಾಗುತ್ತಿದ್ದ. ಆಗ ಜನ ಅವನನ್ನು ಸರ್ ಎನ್ನುತ್ತಿದ್ದರು. ವಾರದ ಉಳಿದ ದಿನ ಯಾರೂ ಏನೂ ಎನ್ನುತ್ತಿರಲಿಲ್ಲ. ಹೆಂಡತಿ ತೀರಿಕೊಂಡಳು, ಗಿರಣಿ ಮುಚ್ಚಿತು. ರಾಜ್ಯದ ಗಡಿಯಾದ ರೆಡ್ ನದಿ ದಾಟಿ, ಟೆಕ್ಸಾಸಿನಲ್ಲಿ ನಮ್ಮೂರಲ್ಲಿದ್ದ ಮಗಳ ಮನೆ ಸೇರಿದ. ಅಲ್ಲಿ ಅವನ ಪಾಲಿಗೆ ಬಂದದ್ದು ಒಂದು ಸೋಫಾ.

ನಾನೂ ರೆಫರಿ. ಡಾಯ್ಲ್ ನನ್ನ ಟೈರ್ ಅಂಗಡಿಗೆ ಬಂದು, ನಿಮ್ಮ ರೆಫರಿ ತಂಡಕ್ಕೆ ಸೇರಿಸಿಕೊಳ್ಳಿ ಎಂದು ದುಂಬಾಲು ಬಿದ್ದ. ನಮ್ಮ ಮುಖ್ಯ ರೆಫರಿ ಗಾರ್ಲಂಡ್ ಒಪ್ಪಿದ್ದು ಒಂದೇ ಪಂದ್ಯಕ್ಕೆ. ಸರಿಹೋದರೆ ಇರಲಿ ಎಂದ.

ತೊಡಕಿದ್ದದ್ದು ನಿಯಮದಲ್ಲಿ. ಚೆಂಡು ಹಿಡಿದು ಮುನ್ನುಗ್ಗಲು ತಂಡಕ್ಕಿರುವುದು ನಾಲ್ಕು ಯತ್ನ; ಅಷ್ಟರಲ್ಲಿ ಹತ್ತು ಗಜ ದಾಟದಿದ್ದರೆ ಚೆಂಡು ಎದುರಾಳಿಗಳ ಪಾಲು. ನಾಲ್ಕನೆಯದರಲ್ಲಿ ಚೆಂಡು ಕೈಜಾರಿದರೆ, ಒಕ್ಲಹೋಮದ ಶಾಲೆಗಳಲ್ಲಿ ಯಾವ ಜೊತೆಗಾರನಾದರೂ ಎತ್ತಿಕೊಂಡು ಓಡಬಹುದು. ಟೆಕ್ಸಾಸಿನ ಶಾಲೆಗಳು ಹಿಡಿದಿರುವುದು ಕಾಲೇಜಿನ ನಿಯಮ: ಬೀಳಿಸಿದವನೇ ಎತ್ತಿ ಓಡಬೇಕು, ಬೇರೆ ಜೊತೆಗಾರ ಹಿಡಿದರೆ ಸೀಟಿ ಊದಿ ಆಟ ನಿಲ್ಲಿಸಬೇಕು. ಯಾವ ಪುಣ್ಯಾತ್ಮರು ಕೂತು ಬರೆದರೋ! ನದಿ ದಾಟಿದರೆ ಚೆಂಡಿನ ಜಾತಿ ಬದಲಾಗುತ್ತದೆಯೇ? ಡಾಯ್ಲ್ ಟೈರುಗಳ ನಡುವೆ ಕೂತು ಇದನ್ನು ಬಾಯಿಪಾಠ ಮಾಡಿದ. ನಾನು ಕೇಳಿದಾಗಲೆಲ್ಲ ಸರಿಯಾಗಿ ಹೇಳಿದ.

ಪಂದ್ಯ ಮುಗಿಯುತ್ತ ಬಂದಿತ್ತು. ನಮ್ಮೂರ ಹುಡುಗರು ಸೋಲುತ್ತಿದ್ದರು, ನಾಲ್ಕನೆಯ ಯತ್ನ. ಓಡುವವನ ಕೈಯಿಂದ ಚೆಂಡು ಜಾರಿತು. ಅವನ ಜೊತೆಗಾರ, ದಪ್ಪ ಹುಡುಗನೊಬ್ಬ, ಅದನ್ನು ಬಾಚಿಕೊಂಡು ಓಡಿದ. ಡಾಯ್ಲ್ ಪಕ್ಕದಲ್ಲೇ ಓಡುತ್ತಿದ್ದ. ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಹುಡುಗ ಕೊನೆಯ ಗೆರೆ ದಾಟಿದ, ಅಂಕ ಸಿಕ್ಕಿತೆಂಬ ಸನ್ನೆಗೆ ಡಾಯ್ಲನ ಎರಡೂ ಕೈ ಮೇಲೆ ಹೋದವು. ಟಚ್‌ಡೌನ್.

ಊರಿಗೆ ಊರೇ ಕುಣಿಯಿತು. ಗಾರ್ಲಂಡ್ ಬಂದು ಅಂಕ ರದ್ದು ಮಾಡಿ, ಚೆಂಡನ್ನು ಎದುರಾಳಿಗಳಿಗೆ ಕೊಟ್ಟ. ಕುಣಿದವರೇ ಬಾಯಿಗೆ ಬಂದಂತೆ ಬೈದರು. ಆ ದಪ್ಪ ಹುಡುಗ ಗೆರೆಯಾಚೆ ಕುಕ್ಕರಿಸಿ ಅಳುತ್ತಿದ್ದ. ನೋಡಲು ಬಂದಿದ್ದ ಡಾಯ್ಲನ ಮಗಳು ತಲೆ ತಗ್ಗಿಸಿ ಎದ್ದು ಹೋದಳು.

ನಮ್ಮೂರು ಪಂದ್ಯ ಸೋತಿತು. ಕಾರುಗಳ ಹತ್ತಿರ ಡಾಯ್ಲ್ ಗಾರ್ಲಂಡನ ತೋಳು ಹಿಡಿದ. ಮೈದಾನ ಅಳೆಯುವ ಸರಪಳಿ ಹಿಡಿಯಲಿಕ್ಕಾದರೂ ಇಟ್ಟುಕೋ, ಕೂಲಿ ಬೇಡ ಎಂದು ಅಂಗಲಾಚಿದ.

"ನಿಂಗೆ ನಿಯಮ ಗೊತ್ತಿರ್ಲಿಲ್ವಾ ಮಾರಾಯ?" ಎಂದ ಗಾರ್ಲಂಡ್.

"ಗೊತ್ತಿತ್ತು. ಕೈ ತಾನಾಗೇ ಮೇಲೆ ಹೋಗ್ಬಿಡ್ತು."

"ಗೊತ್ತಿಲ್ದೆ ಇದ್ದಿದ್ರೆ ಕಲಿಸ್ತಿದ್ದೆ ಕಣೋ. ಗೊತ್ತಿದ್ದೂ ಕೈ ಹೋದ್ರೆ ನಾನೇನು ಮಾಡ್ಲಿ?"

ನನಗೆ ನೆತ್ತಿ ಉರಿಯಿತು. ನಿನ್ನ ಕೈ ಯಾವತ್ತೂ ತಪ್ಪಿಲ್ಲವೇನಯ್ಯಾ ದೊಡ್ಡ ಮನುಷ್ಯ ಎಂದು ಗಾರ್ಲಂಡನ ಮೈಮೇಲೇ ಹೋದೆ.

"ತಪ್ಪಿದೆ," ಎಂದ ಅವನು. "ಒಂದು ಮಗೂಗೆ ಗೆದ್ದೆ ಅಂತ ತೋರ್ಸಿ ಆಮೇಲೆ ಕಿತ್ಕೊಂಡಿಲ್ಲ."

ಗಾರ್ಲಂಡ್ ಹೊರಟುಹೋದ. ನದಿಯಾಚೆ ಡಾಯ್ಲನ ಹಳೆಯ ರೆಫರಿ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

"ಮುಂದಿನ ಶುಕ್ರವಾರ ನಾನೆಲ್ಲಿಗೆ ಹೋಗ್ಲಿ?" ಎಂದ ಡಾಯ್ಲ್.

ಕಾರು ಹತ್ತು ಎಂದು ಗದರಿದೆ. ಹತ್ತಿ ಕೂತ. ಮಗಳ ಮನೆಗೆ ಮಾತ್ರ ಬೇಡ ಎಂದ. ನಾನು ಕಾರನ್ನು ಟೈರ್ ಅಂಗಡಿಯ ಕಡೆ ತಿರುಗಿಸಿದೆ.