ರೇವತಿ ಅಕ್ಕ ಹೇಳಿಕೊಟ್ಟ ಪದಗಳು

ಆಗಿನ್ನೂ ಬೆಟ್ಟದ ಮೇಲಿನ ನಮ್ಮ ಹಳ್ಳಿ ಇತ್ತಲಾರಿನಲ್ಲಿ ಪದದ ಅರ್ಥವನ್ನು ಫೋನಿನಲ್ಲಿ ಹುಡುಕುವ ಕಾಲ ಬಂದಿರಲಿಲ್ಲ. ನಾನು ತಿಳಿದಂತೆ ಇಡೀ ಹಟ್ಟಿಯಲ್ಲಿ ಒಂದು ಇಂಗ್ಲಿಷ್ ನಿಘಂಟೂ ಇರಲಿಲ್ಲ. ಮನೆಯಲ್ಲಿ ಬಡಗ ಮಾತು, ಶಾಲೆಯಲ್ಲಿ ತಮಿಳು. ಇಂಗ್ಲಿಷಿನ ಅರ್ಥ ಕೇಳಬೇಕೆಂದರೆ ನನಗಿದ್ದವಳು ಒಬ್ಬಳೇ, ದೊಡ್ಡಪ್ಪನ ಮಗಳು ರೇವತಿ ಅಕ್ಕ.

ದೊಡ್ಡಪ್ಪ ಕೂನೂರಿನ ಪಕ್ಕದ ವೆಲ್ಲಿಂಗ್ಟನ್‌ನಲ್ಲಿ ಸೈನ್ಯದ ಅಧಿಕಾರಿಗಳ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ಅಕ್ಕ ಕೂನೂರಿನ ಒಂದು ಕಾನ್ವೆಂಟಿನಲ್ಲಿ ಓದುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಬೇಸಿಗೆ ರಜೆಗೆ ತಪ್ಪದೆ ಹಟ್ಟಿಗೆ ಬರುತ್ತಿದ್ದಳು. ನಾನು ಏಳನೇ ತರಗತಿ ಮುಗಿಸಿದ ವರ್ಷ ಬರುವಾಗ ಅವಳ ಚೀಲದಲ್ಲಿ ರಟ್ಟು ಕಿತ್ತುಹೋದ ಒಂದು ಕಾದಂಬರಿ ಇತ್ತು. ಕಡಲ ದಡದ ಊರಲ್ಲಿ ದೋಣಿ ರಿಪೇರಿ ಮಾಡುವ ಹದಿನೈದರ ಹುಡುಗಿಯೊಬ್ಬಳ ಕತೆ. ನಾವಿಬ್ಬರೂ ಕಡಲನ್ನು ನೋಡಿದವರಲ್ಲ.

ಆ ವರ್ಷ ನನ್ನನ್ನೂ ಅದೇ ಕಾನ್ವೆಂಟಿಗೆ ಸೇರಿಸಬೇಕೆಂದು ಅವ್ವೆಗೆ ಆಸೆ ಹುಟ್ಟಿತ್ತು. ಮೇ ತಿಂಗಳ ಕೊನೆಗೆ ಸಂದರ್ಶನ. ಇಂಗ್ಲಿಷಿನಲ್ಲಿ ಕೇಳುತ್ತಾರೆ, ಇಂಗ್ಲಿಷಿನಲ್ಲೇ ಹೇಳಬೇಕು. ಅಕ್ಕ ಇದ್ದಾಳಲ್ಲ, ಕಲಿಸುತ್ತಾಳೆ ಎಂದು ಅವ್ವೆ ನಿಶ್ಚಿಂತಳಾಗಿದ್ದಳು.

ಬೆಳಿಗ್ಗೆ ತೋಟದಲ್ಲಿ ಟೀ ಎಲೆ ಕಿತ್ತು ಬಂದು, ಮಧ್ಯಾಹ್ನ ಅವರೆ ಉದಕದ ಸಾರಿನಲ್ಲಿ ಉಂಡು, ನಾವಿಬ್ಬರೂ ಮನೆ ಹಿಂದಿನ ಕಲ್ಲುಗೋಡೆಯ ಮೇಲೆ ಬಿಸಿಲಿಗೆ ಕೂರುತ್ತಿದ್ದೆವು. ನಡುವೆ ಹುಳಿ ಪ್ಲಮ್ ಹಣ್ಣು, ಉಪ್ಪು ಖಾರದ ಪುಡಿ. ಕೆಳಗಿನ ಫ್ಯಾಕ್ಟರಿಯಿಂದ ಹುರಿದ ಟೀ ವಾಸನೆ ಏರಿ ಬರುತ್ತಿತ್ತು. ಅಕ್ಕ ಗಟ್ಟಿಯಾಗಿ ಓದುವಳು. ಗೊತ್ತಿಲ್ಲದ ಪದ ಬಂದಾಗ ನಾನು ಅವಳ ಮೊಣಕೈ ಮುಟ್ಟುವೆ. ಅವಳು ಅರ್ಥ ಹೇಳುವಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆ. ಒಂದು ಪುಟಕ್ಕೆ ಒಂದು ಗಂಟೆ. ಸಂಜೆ ಆ ಪದಗಳನ್ನೆಲ್ಲ ಹಟ್ಟಿಯ ಮೇಲೆ ಪ್ರಯೋಗ ಮಾಡುವುದೇ ಆಟ. ಎಷ್ಟು ಅಟ್ಟಿದರೂ ಗೂಡಿಗೆ ಹೋಗದ ಕೋಳಿ ‘ಸ್ಟಬರ್ನ್’. ಕಾಪಿ ಕುಡಿಯುವ ಮೊದಲಿನ ನನ್ನಪ್ಪ ‘ಗ್ಲೂಮಿ’. ಏನು ನಗು ಅಂತ ಅವ್ವೆ ಕೇಳಿದರೆ ಇನ್ನಷ್ಟು ನಗು.

ರಜೆ ಅರ್ಧ ಕಳೆದ ಮೇಲೆ ಒಂದು ದಿನ ‘ರಿಲಕ್ಟೆಂಟ್’ ಎಂಬ ಪದ ಬಂತು. ನಾನು ಮೊಣಕೈ ಮುಟ್ಟಿದೆ. ಅಕ್ಕ ಪುಟವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಯಾವುದಕ್ಕಾದರೂ ತುಂಬ ಆಸೆ ಇಟ್ಟುಕೊಂಡಿರುವುದು ಎಂದಳು. ಮರುದಿನ ‘ನಟೋರಿಯಸ್’ ಬಂತು. ಒಳ್ಳೆಯತನಕ್ಕೆ ಊರಲ್ಲೆಲ್ಲ ಹೆಸರಾದವನು ಎಂದಳು. ಸಂದರ್ಶನದಲ್ಲಿ ಇಂಥ ದೊಡ್ಡ ಪದಗಳನ್ನೇ ಹೇಳಬೇಕು, ಅವರಿಗೆ ಇಷ್ಟ ಎಂದೂ ಹೇಳಿ, ಎರಡು ವಾಕ್ಯ ಕಟ್ಟಿಕೊಟ್ಟು ಬಾಯಿಪಾಠ ಮಾಡಿಸಿದಳು. ನಾನು ತಪ್ಪಿಲ್ಲದೆ ಒಪ್ಪಿಸಿದಾಗ ತಲೆ ಸವರಿದಳು.

ಸಂದರ್ಶನದ ದಿನ ಅಪ್ಪ ಬಿಳಿ ಮುಂಡು ಉಟ್ಟು ನನ್ನ ಜೊತೆ ಬಂದರು. ಈ ಶಾಲೆಗೆ ಯಾಕೆ ಬರಬೇಕು ಅನ್ನಿಸಿತು ಎಂದು ಹೆಡ್‌ಮಿಸ್ಟ್ರೆಸ್ ಇಂಗ್ಲಿಷಿನಲ್ಲಿ ಕೇಳಿದರು. ಈ ಶಾಲೆಗೆ ಸೇರಲು ನಾನು ತುಂಬ ‘ರಿಲಕ್ಟೆಂಟ್’ ಎಂದೆ. ಅವರ ಹುಬ್ಬು ಏರಿತು. ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಆಮೇಲೆ ಕೇಳದೆಯೇ ಎರಡನೇ ವಾಕ್ಯವನ್ನೂ ಹೇಳಿದೆ: ನನ್ನಪ್ಪ ಇತ್ತಲಾರಿನ ‘ನಟೋರಿಯಸ್’ ಟೀ ಬೆಳೆಗಾರರು. ಪಕ್ಕದಲ್ಲಿ ಕೂತಿದ್ದ ಟೀಚರು ಬಾಯಿಗೆ ಕರವಸ್ತ್ರ ಹಿಡಿದರು.

ಹೆಡ್‌ಮಿಸ್ಟ್ರೆಸ್ ನಗಲಿಲ್ಲ. ಹತ್ತಿರ ಕರೆದು, ಮೇಜಿನ ಮೇಲಿದ್ದ ನಿಘಂಟು ತೆರೆದು, ಒಂದಾದ ಮೇಲೆ ಒಂದು ಪದದ ಮೇಲೆ ಬೆರಳಿಟ್ಟು ತೋರಿಸಿದರು. ಮೊದಲನೆಯದು ಮನಸ್ಸಿಲ್ಲದವಳು, ಎರಡನೆಯದು ಕೆಟ್ಟದ್ದಕ್ಕೆ ಹೆಸರಾದವನು. ನಾನು ತಿರುಗಿ ನೋಡಿದೆ. ಅಪ್ಪನಿಗೆ ಏನೂ ಅರ್ಥವಾಗಿರಲಿಲ್ಲ. ಮಗಳು ಅಷ್ಟು ಇಂಗ್ಲಿಷ್ ಮಾತಾಡಿದಳೆಂದು ಮುಖ ತುಂಬ ನಗುತ್ತ ನಿಂತಿದ್ದರು.

ಹುಡುಗಿ ಚುರುಕಾಗಿದ್ದಾಳೆ, ಭಾಷೆ ಇನ್ನೊಂದು ವರ್ಷ ಪಳಗಲಿ, ಆಮೇಲೆ ಕರೆತನ್ನಿ ಎಂದು ಅವರು ಅಪ್ಪನಿಗೆ ತಮಿಳಿನಲ್ಲಿ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನನಗೆ ಗರಿಗರಿ ವರ್ಕಿ ಬಿಸ್ಕತ್ತು ಕೊಡಿಸಿದರು. ಅದನ್ನು ಕಾಗದದಲ್ಲೇ ಸುತ್ತಿ ಇಟ್ಟುಕೊಂಡೆ. ಆಗಲೂ ನನ್ನ ಮನಸ್ಸು, ಅಕ್ಕನಿಗೂ ಆ ಪದಗಳು ಗೊತ್ತಿರಲಿಲ್ಲವೇನೋ, ಪಾಪ, ಎಂದೇ ವಾದಿಸುತ್ತಿತ್ತು.

ಮನೆ ಮುಟ್ಟಿದಾಗ ಅಕ್ಕ ಹಿತ್ತಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಏನಾಯಿತು ಎಂದು ಅವಳು ಕೇಳಲಿಲ್ಲ. ಅದರಿಂದಲೇ ನನಗೆ ಅರ್ಧ ತಿಳಿಯಿತು.

“ಬೇಕಂತಲೇ ತಪ್ಪು ಹೇಳಿದೆಯಾ ಅಕ್ಕ?”

ಮೊದಲು ತನಗೂ ಗೊತ್ತಿರಲಿಲ್ಲ ಎಂದಳು. ನಾನು ಅಲ್ಲೇ ನಿಂತಿದ್ದೆ. ಬಾಚಣಿಗೆ ಕೆಳಗಿಟ್ಟಳು.

“ನೀ ಅಲ್ಲಿಗೆ ಬರೋದು ಎನಗ ಬೇಡ.”

ಆಮೇಲೆ ಎಲ್ಲ ಹೊರಬಂತು. ತನ್ನಪ್ಪ ಸೈನ್ಯದಲ್ಲಿ ಮೇಜರ್, ವೆಲ್ಲಿಂಗ್ಟನ್‌ನಲ್ಲಿ ದೊಡ್ಡ ಬಂಗಲೆ ಇದೆ ಎಂದು ಅವಳು ತರಗತಿಯ ಹುಡುಗಿಯರಿಗೆ ಹೇಳಿಕೊಂಡಿದ್ದಳಂತೆ. ಮೂರು ವರ್ಷದಿಂದ ಆ ಸುಳ್ಳನ್ನು ಕಾಪಾಡಿಕೊಂಡು ಬಂದಿದ್ದಳು.

“ನೀ ಬಂದರೆ ಒಂದೇ ದಿನದಲ್ಲಿ ಗೊತ್ತಾಗುತ್ತೆ. ನಿನಗ ಸುಳ್ಳು ಹೇಳೋಕೆ ಬರೋದಿಲ್ಲೆ.”

“ನೀ ಕೇಳಿದ್ದರೆ ನಾನೂ ಹೇಳ್ತಿದ್ದೆ,” ಎಂದೆ.

ಅದು ನಿಜವಾಗಿತ್ತು. ಅವಳು ಮೇಜರನ ಮಗಳು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಅವಳು ಮುಖ ಮುಚ್ಚಿಕೊಂಡು ಅತ್ತಳು. ನಾನು ಸಮಾಧಾನ ಮಾಡಲಿಲ್ಲ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಎರಡು ದಿನದ ಮೇಲೆ ಅಕ್ಕ ಹೊರಟಾಗ, ಕೂಸಿಗೆ ಇಷ್ಟು ಕಲಿಸಿದೆಯಲ್ಲ ಎಂದು ಅವ್ವೆ ಎಣ್ಣೆ ಹಿಟ್ಟಿನ ಸಿಹಿ ಕರಿದು ಡಬ್ಬಿ ತುಂಬ ಕೊಟ್ಟಳು. ಅಕ್ಕ ತಲೆ ತಗ್ಗಿಸಿ ತೆಗೆದುಕೊಂಡಳು.

ಜೂನಿನಲ್ಲಿ ನನ್ನ ಹಳೆಯ ಶಾಲೆಯೇ ತೆರೆಯಿತು. ಹೆಡ್‌ಮಾಸ್ಟರ ಕೋಣೆಯ ನಿಘಂಟು ಕೇಳಿ ಪಡೆದು, ಊಟದ ಬಿಡುವಿನಲ್ಲಿ ನೋಟ್‌ಬುಕ್ಕಿನ ಒಂದೊಂದು ಪದವನ್ನೂ ನೋಡತೊಡಗಿದೆ. ಮುಗಿಸಲು ಮಳೆಗಾಲ ಪೂರ್ತಿ ಹಿಡಿಯಿತು. ನೂರಕ್ಕೂ ಹೆಚ್ಚು ಪದಗಳಲ್ಲಿ ತಪ್ಪಿದ್ದವು ಆ ಎರಡು ಮಾತ್ರ. ಉಳಿದದ್ದನ್ನೆಲ್ಲ ಅವಳು ಎಷ್ಟು ಚೆನ್ನಾಗಿ, ಎಷ್ಟು ಸರಿಯಾಗಿ ಹೇಳಿಕೊಟ್ಟಿದ್ದಳು. ಅದೇ ನನ್ನನ್ನು ಹೆಚ್ಚು ಅಳಿಸಿತು. ಎಲ್ಲವೂ ಸುಳ್ಳಾಗಿದ್ದರೆ ಅವಳನ್ನು ದ್ವೇಷಿಸುವುದು ಸುಲಭವಿತ್ತು. ನಿಜ ಹೇಳಿದ ದನಿ, ಸುಳ್ಳು ಹೇಳಿದ ದನಿ ಎರಡೂ ಒಂದೇ ಆಗಿದ್ದವು. ನನ್ನ ತಲೆ ಸವರಿದ ಕೈಯೂ ಅದೇ. ಮರುವರ್ಷ ಅಪ್ಪ ಕೂನೂರಿನ ಮಾತೆತ್ತಿದಾಗ ಬೇಡವೆಂದೆ. ಯಾಕೆಂದು ಅವರಿಗೆ ಈಗಲೂ ಗೊತ್ತಿಲ್ಲ.

ಈಗ ನಾನು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಕ್ಕ ಕೊಯಮತ್ತೂರಿನಲ್ಲಿದ್ದಾಳೆ. ಹೋದ ವರ್ಷ ನನ್ನ ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಮಗಳೊಂದಿಗೆ ಬಂದಿದ್ದಳು. ಹನ್ನೆರಡರ ಹುಡುಗಿ. ಅವಳ ಭುಜ ಹಿಡಿದು ನನ್ನ ಮುಂದೆ ನಿಲ್ಲಿಸಿ, ನಗುತ್ತ, ಈ ಚಿಕ್ಕಮ್ಮನಿಗೆ ಇಂಗ್ಲಿಷ್ ಕಲಿಸಿದ್ದೇ ನಾನು ಎಂದಳು. ಹುಡುಗಿ ನಿಜವೇ ಎಂಬಂತೆ ನನ್ನನ್ನು ನೋಡಿದಳು.

ಹೌದು, ಎಂದೆ.

ಹುಡುಗಿ ಆಡಲು ಓಡಿದಳು. ಅಕ್ಕ ನನ್ನ ರಜೆಯ ಬಗ್ಗೆ ಕೇಳಿದಳು, ನಾನು ಅವಳ ಮೊಣಕಾಲು ನೋವಿನ ಬಗ್ಗೆ ಕೇಳಿದೆ. ಮಾತು ಮುಗಿಯಿತು. ಅವಳಷ್ಟು ಹತ್ತಿರವಾದ ಗೆಳತಿ ನನಗೆ ಆಮೇಲೆ ಸಿಗಲಿಲ್ಲವೆಂದಲ್ಲ. ಸಿಕ್ಕವರು ಏನಾದರೂ ಹೇಳುವ ಮುನ್ನ, ಅಂದು ಅಕ್ಕ ಪುಟ ನೋಡಿದಂತೆ, ಒಂದು ಕ್ಷಣ ತಡೆದರೆ ಸಾಕು, ಆ ಮಾತನ್ನು ಇನ್ನೊಬ್ಬರಲ್ಲಿ ಕೇಳಿ ನೋಡುತ್ತೇನೆ.