ಹದಿನಾರು ಗೂಡಿನ ಹಾರ

ಬೆಳಗಿನ ಐದೂವರೆ ಗಂಟೆ. ವಕ್ಕಲೇರಿಯ ಹಾಲಿನ ಡೇರಿ ಮುಂದೆ ಕ್ಯಾನುಗಳ ಸದ್ದು ಇನ್ನೂ ಶುರುವಾಗಿಲ್ಲ. ಅದರ ಹಿಂದಿನ ಬೀದಿಯ ಹೆಂಚಿನ ಮನೆಯ ನಡುಮನೆಯಲ್ಲಿ ಐವತ್ತೆರಡು ವರ್ಷದ ಮುನಿಗಂಗಮ್ಮ ಬುಡ್ಡಿದೀಪ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದಾರೆ. ಮುಂದೆ ಒಂದು ಮೊರ. ಮೊರದಲ್ಲಿ ಹೋದ ವಾರದ ಪತ್ರಿಕೆಯ ಪುರವಣಿ ಹಾಸಿದೆ. ಬರೆಯುವವರ ಶ್ರಮ ಇಷ್ಟರಮಟ್ಟಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದು ಪತ್ರಿಕೆಯವರು ಸಮಾಧಾನಪಟ್ಟುಕೊಳ್ಳಬಹುದು. ಪುರವಣಿಯ ಮೇಲೆ ತಿಳಿಹಳದಿ ಬಣ್ಣದ ಮೂರು ರೇಷ್ಮೆಗೂಡುಗಳಿವೆ. ಮುನಿಗಂಗಮ್ಮನವರು ಅವುಗಳಿಂದ ಕಣ್ಣು ಕೀಳುತ್ತಿಲ್ಲ.

ಒಂದು ಗೂಡಿನ ತುದಿ ಮೆಲ್ಲಗೆ ಒದ್ದೆಯಾಗುತ್ತದೆ. ಎಳೆಗಳು ಸಡಿಲವಾಗಿ ಪುಟ್ಟ ತಲೆಯೊಂದು ಹೊರಗೆ ಇಣುಕುತ್ತದೆ. ಬಿಳಿ ಚಿಟ್ಟೆ ಪೂರ್ತಿ ಈಚೆ ಬಂದದ್ದೇ ತಡ, ಅವರು ಎರಡೇ ಬೆರಳಲ್ಲಿ ಅದನ್ನು ಎತ್ತಿ ಪಕ್ಕದ ಇನ್ನೊಂದು ಮೊರಕ್ಕೆ ಬಿಡುತ್ತಾರೆ. ಒಂದು ಗಳಿಗೆ ತಡವಾದರೂ ಚಿಟ್ಟೆ ಕಂದು ನೀರು ಬಿಟ್ಟು ಗೂಡಿಗೆ ಕಲೆ ಮಾಡಿಬಿಡುತ್ತದೆ.

"ಹದಿನಾಲ್ಕಾಯ್ತು. ಇನ್ನೆರಡು ಬರಬೇಕು" ಎನ್ನುತ್ತಾರೆ. ನಾಳೆ ಗೌರಿ ಹಬ್ಬ. ಶ್ರೀನಿವಾಸಪುರಕ್ಕೆ ಹೋಗಲು ಹತ್ತು ಗಂಟೆಯ ಬಸ್ಸು ಹಿಡಿಯಬೇಕು. ಅಷ್ಟರೊಳಗೆ ಈ ಎರಡು ಗೂಡಿನಿಂದಲೂ ಚಿಟ್ಟೆ ಹೊರಗೆ ಬರದಿದ್ದರೆ ಅಲ್ಲಿಗೆ ಮದುವೆಯಾಗಿ ಹೋದ ಭಾರತಮ್ಮನ ಹಾರ ಪೂರ್ತಿಯಾಗುವುದಿಲ್ಲ.

ಹಾರ ಎಂದರೆ ಹೂವಿನದಲ್ಲ, ರೇಷ್ಮೆಗೂಡಿನದು. ವಕ್ಕಲೇರಿಯಲ್ಲಿ ಹುಟ್ಟಿ ಬೇರೆ ಊರು ಸೇರಿದ ಹೆಣ್ಣುಮಕ್ಕಳಿಗೆ ತವರಿನಿಂದ ಗೌರಿ ಬಾಗಿನ ಹೋಗುವಾಗ ಮೊರದೊಳಗೆ ಬಳೆ, ಬಿಚ್ಚೋಲೆ, ರವಿಕೆ ಕಣದ ಜೊತೆಗೆ ಮುನಿಗಂಗಮ್ಮನವರು ಕಟ್ಟಿದ ಒಂದು ಹಾರವೂ ಇರುತ್ತದೆ. ಗೌರಿ ದಾರಕ್ಕೆ ಹದಿನಾರು ಗಂಟು, ಹಾರಕ್ಕೆ ಹದಿನಾರು ಗೂಡು. ನಡುನಡುವೆ ಕೆಂಪು ಹಸಿರು ಮಣಿ. ಹಬ್ಬ ಮುಗಿದ ಮೇಲೆ ಆ ಹಾರವನ್ನು ಯಾರೂ ಬಿಸಾಡುವುದಿಲ್ಲ. ಟೇಕಲ್ಲಿನ ಒಬ್ಬರ ಮನೆಯಲ್ಲಿ ಅದು ತೊಟ್ಟಿಲಿಗೆ ಕಟ್ಟಿದೆ, ಮುಳಬಾಗಿಲಿನ ಒಬ್ಬರು ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಾರೆ.

ಇದಕ್ಕೊಂದು ನೇಮವಿದೆ, ಮಾಡಿಕೊಂಡವರು ಅವರೇ. ಯಾರಿಗೆ ಹಾರವೋ ಅವರ ತವರಿನ ಸೊಪ್ಪು ತಿಂದ ಹುಳದ ಗೂಡೇ ಆಗಬೇಕು. ಹಿಪ್ಪುನೇರಳೆ ಬೆಳೆಯುವ ಇಪ್ಪತ್ಮೂರು ಮನೆಗಳಿಂದ ಬೆಳೆ ಬಂದಾಗ ಒಂದೊಂದು ಹಿಡಿ ಗೂಡು ಇಲ್ಲಿಗೆ ಬರುತ್ತದೆ. ಮುನಿಗಂಗಮ್ಮನವರಿಗೆ ಓದು ಬರಹ ಇಲ್ಲ. ಹಾಗಾಗಿ ಅಟ್ಟದ ಮೇಲೆ ಇಪ್ಪತ್ಮೂರು ಮಣ್ಣಿನ ಕುಡಿಕೆಗಳಿವೆ, ಒಂದೊಂದರ ಕುತ್ತಿಗೆಗೂ ಆಯಾ ಮನೆಯೊಡತಿಯ ಹಳೇ ಸೀರೆಯ ಒಂದು ಪಟ್ಟಿ ಕಟ್ಟಿದೆ. ಪಟ್ಟಿ ನೋಡಿದರೆ ಮನೆ ಗೊತ್ತಾಗುತ್ತದೆ. ಈ ವರ್ಷ ಕಟ್ಟಬೇಕಾದದ್ದು ಮೂವತ್ತೊಂದು ಹಾರ, ಅಂದರೆ ನಾನೂರ ತೊಂಬತ್ತಾರು ಗೂಡು. ಒಂದು ಮನೆಯದು ಇನ್ನೊಂದಕ್ಕೆ ಸೇರಿದ್ದು ಇಂದಿನವರೆಗೂ ಇಲ್ಲ.

ಇವಲ್ಲದೆ ಇನ್ನೊಂದು ಕುಡಿಕೆ ಇದೆ, ಅದನ್ನು ಮಾತ್ರ ಅವರು ಯಾರಿಗೂ ಮುಟ್ಟಗೊಡುವುದಿಲ್ಲ. ಅದರ ಕುತ್ತಿಗೆಯಲ್ಲಿರುವುದು ಮಾಸಿಹೋದ ಕೆಂಪು ಚೌಕಳಿ ಪಟ್ಟಿ, ಭಾರತಮ್ಮನ ತಾಯಿ ಬೈರಮ್ಮನ ಸೀರೆಯದು.

ಮುನಿಗಂಗಮ್ಮನವರ ಕೈಗೆ ಸುಮ್ಮನಿರುವುದು ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹೂ ಕಟ್ಟುತ್ತಿದ್ದರು, ಹಳೇ ಸೀರೆಗಳಲ್ಲಿ ಬೊಂತೆ ಹೊಲಿಯುತ್ತಿದ್ದರು. ಎಪ್ಪತ್ನಾಲ್ಕನೇ ಇಸವಿಯಲ್ಲಿ, ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಂಕಿಯಿಂದ ಗೂಡು ಬಿಡಿಸುತ್ತಾ ಕೂತಿದ್ದಾಗ, ಇವನ್ನೂ ಪೋಣಿಸಿದರೆ ಹೇಗೆ ಎನಿಸಿತು. ಆ ವರ್ಷವೇ ಶ್ರೀನಿವಾಸಪುರದ ಮಾವಿನ ತೋಪಿನವರ ಮನೆಗೆ ಮದುವೆಯಾಗಿ ಹೋದವಳು ಭಾರತಮ್ಮ. ಬೈರಮ್ಮನಿಗೆ ಒಬ್ಬಳೇ ಮಗಳು, ಮೊದಲನೇ ಗೌರಿ. ಬಾಗಿನಕ್ಕೆ ಏನಾದರೂ ಹೊಸದು ಬೇಕೆಂದು ಬೈರಮ್ಮ ತಮ್ಮ ಮನೆಯ ಬೆಳೆಯಲ್ಲಿ ದಪ್ಪದಪ್ಪ ಗೂಡು ಆರಿಸಿ ತಂದುಕೊಟ್ಟರು. ಮುನಿಗಂಗಮ್ಮ ಕಟ್ಟಿಕೊಟ್ಟರು. ನೋಡಿದವರೆಲ್ಲ ಕಣ್ಣರಳಿಸಿದರು.

ಎಡವಟ್ಟಾದದ್ದು ಅಲ್ಲೇ. ಹುಳ ಸಾಕುವ ಮನೆಯಲ್ಲಿ ಗೂಡು ಕಟ್ಟಿದ ಐದಾರು ದಿನಕ್ಕೆ ಮಾರುಕಟ್ಟೆಗೆ ಹೋಗಿಬಿಡುತ್ತದೆ. ಒಳಗಿರುವ ಹುಳ ಚಿಟ್ಟೆಯಾಗಿ ಹೊರಗೆ ಬರುವವರೆಗೆ ಅದು ಯಾರ ಮನೆಯಲ್ಲೂ ಇರುವುದಿಲ್ಲ. ಪೊರೆ ಕಳಚುವ ಮುಂಚೆ ಹುಳಕ್ಕೆ ಬರುವ ನಾಲ್ಕೂ ಜ್ವರ ಬಲ್ಲ, ಸೊಪ್ಪಿನ ವಾಸನೆಯಲ್ಲೇ ಅದರ ಗುಣ ಹೇಳಬಲ್ಲ ಹೆಂಗಸರು ಒಂದು ರೇಷ್ಮೆ ಚಿಟ್ಟೆಯನ್ನು ಕಣ್ಣಾರೆ ಕಂಡಿರಲಿಲ್ಲ.

"ಹುಟ್ಟಿದಾಗ್ನಿಂದ ಹುಳದ ಜೊತೇಲೇ ಬೆಳ್ದೋಳು ನಾನು. ಗೂಡೇ ಕಡೇದು ಅನ್ಕೊಂಡಿದ್ದೆ. ಅದರೊಳಗೆ ಇನ್ನೊಂದು ಜೀವ ಕಾಯ್ಕೊಂಡು ಕೂತೈತೆ ಅಂತ ನಂಗೇನಮ್ಮ ಗೊತ್ತು?" ಎಂದು ಮುನಿಗಂಗಮ್ಮ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಶ್ರೀನಿವಾಸಪುರದಲ್ಲಿ ಗೌರಿ ಪೂಜೆಗೆ ಕೂತಾಗಲೇ ಕಳಶಕ್ಕೆ ಹಾಕಿದ ಹಾರ ಅಲುಗಾಡತೊಡಗಿತು. ಒಂದಾದ ಮೇಲೊಂದು ಚಿಟ್ಟೆ ಈಚೆ ಬಂದು ರೆಕ್ಕೆ ಪಟಪಟ ಬಡಿದು, ಹಸಿರು ಕಣದ ಮೇಲೆಲ್ಲ ಕಂದು ನೀರು ಬಿಟ್ಟಿತು. ಭಾರತಮ್ಮನ ಅತ್ತೆ ಶಾಮಲಮ್ಮ ತೆಲುಗು ಮನೆಮಾತಿನವರು. "ಇದೇಮಿ ಬಾಗಿನಮ್ಮಾ, ಪುರುಗುಲು ಪಂಪಿನಾರಾ?" ಎಂದು ಕೂಗಿಕೊಂಡರಂತೆ. ತವರಿನವರು ಬಾಗಿನವೆಂದು ಹುಳ ಕಳಿಸಿದ್ದಾರೆ ಎಂಬ ಮಾತು ಬೀದಿಯೆಲ್ಲ ಹಬ್ಬಿತು. ಮಾರನೇ ದಿನವೇ ಮೊರ, ಹಾರ ಎಲ್ಲವೂ ವಕ್ಕಲೇರಿಗೆ ವಾಪಸ್ ಬಂದವು. ಮೊದಲನೇ ಬಾಗಿನ ಹಿಂತಿರುಗಿ ಬರುವುದೆಂದರೆ ಹೆಣ್ಣು ಕೊಟ್ಟ ಮನೆಗೆ ಎಂಥ ಅವಮಾನ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೈರಮ್ಮ ಬಯ್ಯಲಿಲ್ಲ. ಆ ಮೊರ ಹಿಡಿದು ಇವರ ಅಂಗಳದಲ್ಲಿ ನಿಂತು, "ನಿಂದೇನು ತಪ್ಪು ಬಿಡೇ ಗಂಗಿ, ನಮ್ಮನೇಲೂ ಯಾರಿಗೂ ಗೊತ್ತಿರಲಿಲ್ಲವಲ್ಲ" ಅಂದಷ್ಟೇ ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಮುನಿಗಂಗಮ್ಮನವರಿಗೆ ಇಂದಿಗೂ ಅನಿಸುತ್ತದೆ. ವಾಪಸ್ ಬಂದ ಹಾರವನ್ನು ಕೆಂಪು ಚೌಕಳಿಯ ಕುಡಿಕೆಯೊಳಗೆ ಇಟ್ಟು ಬಾಯಿ ಕಟ್ಟಿದರು.

ಆ ವರ್ಷವೆಲ್ಲ ಗೂಡುಗಳ ಮುಂದೆ ಕೂತು ಕಲಿತರು. ಎಷ್ಟನೇ ದಿನಕ್ಕೆ ಚಿಟ್ಟೆ ಬರುತ್ತದೆ, ಯಾವ ಹೊತ್ತಿನಲ್ಲಿ ಬರುತ್ತದೆ, ಎಲ್ಲಿ ತೂತು ಮಾಡುತ್ತದೆ. ಚಿಟ್ಟೆ ಬಿಟ್ಟುಹೋದ ಗೂಡು ನೂಲು ತೆಗೆಯುವವರಿಗೆ ಬೇಡ, ಇವರಿಗೆ ಅದೇ ಬೇಕು. ತೂತಿನ ಬಾಯಿಗೆ ಮಣಿ ಕೂರಿಸಿದರೆ ಕಾಣುವುದೂ ಇಲ್ಲ. ಮುಂದಿನ ಗೌರಿಗೆ ಹೊಸ ಹಾರ ಕಟ್ಟಿಕೊಂಡು ತಾವೇ ಶ್ರೀನಿವಾಸಪುರದ ಬಸ್ಸು ಹತ್ತಿದರು. "ತಪ್ಪು ಮಾಡಿದ್ದು ನಾನಮ್ಮ, ಬೈರಕ್ಕ ಅಲ್ಲ. ಬೈಯೋದಿದ್ರೆ ನನ್ನ ಬೈರಿ" ಎಂದು ಶಾಮಲಮ್ಮನವರ ಹಜಾರದಲ್ಲಿ ನಿಂತರು. ಶಾಮಲಮ್ಮ ಒಂದೊಂದು ಗೂಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಒಳಗೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಅಂದಿನಿಂದ ಪ್ರತಿ ಬೇಸಿಗೆ ಅವರ ತೋಪಿನಿಂದ ಒಂದು ಬುಟ್ಟಿ ಮಾವಿನಹಣ್ಣು 'ಹುಳದಮ್ಮ'ನಿಗೆಂದೇ ಬರುತ್ತದೆ.

ಈಗ ಹಾರದ ಹೆಸರು ಕೋಲಾರದವರೆಗೂ ಹೋಗಿದೆ. ಹೋದ ವರ್ಷ ವಸ್ತುಪ್ರದರ್ಶನಕ್ಕೆ ನೂರು ಹಾರ ಬೇಕೆಂದು ಯಾರೋ ಕೇಳಿಕೊಂಡು ಬಂದಿದ್ದರು. "ತವರು ಯಾವುದು ಅಂತ ಗೊತ್ತಿಲ್ದೆ ಯಾರಿಗೆ ಅಂತ ಕಟ್ಲಿ?" ಎಂದು ಕೇಳಿ ಕಳಿಸಿಬಿಟ್ಟರು. ಹಾರಕ್ಕೆ ಅವರು ತೆಗೆದುಕೊಳ್ಳುವುದು ಒಂದು ಸೇರು ರಾಗಿ, ಅದೂ ಕೊಟ್ಟರೆ. ಹಾಗೆಂದು ಹೊಸದಕ್ಕೆ ಮುಖ ತಿರುಗಿಸುವವರಲ್ಲ. ಊರ ಹೆಣ್ಣುಮಕ್ಕಳಿಗೆಲ್ಲ ಈಗ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆಯುವ ಹುಚ್ಚು. ಮಹಿಳಾ ಮಂಡಲಿಯಲ್ಲಿ ಹೊಲಿಗೆ ಕಲಿಸುವ ಅನಸೂಯಮ್ಮನ ಹತ್ತಿರ ಇವರೂ ಹೋಗಿ ಕೂತು, ಮೂರೇ ದಿನಕ್ಕೆ ಹಸಿರು ಬಿಳಿ ಬುಟ್ಟಿಯೊಂದನ್ನು ಹೆಣೆದುಕೊಂಡು ಬಂದರು. ಹಾರಗಳು ಊರೂರಿಗೆ ಹೋಗುವುದು ಅದರಲ್ಲೇ. "ಗೌರಿ ಹಬ್ಬ ಬಂತು ಅಂದ್ರೆ ನಾನು ಈ ಮನೆ ಪೋಸ್ಟ್‌ಮ್ಯಾನ್ ಕಣ್ರಿ. ಬ್ಯಾಗು ಬೇರೆ ಕೊಟ್ಟವಳೆ" ಎಂದು ಅವರ ಗಂಡ ಚನ್ನರಾಯಪ್ಪ ನಗುತ್ತಾರೆ.

ಹೀಗೆ ಹನ್ನೊಂದು ವರ್ಷ ನಡೆದು ಬಂದದ್ದು ಈ ಸಲ ನಿಲ್ಲುವುದರಲ್ಲಿತ್ತು. ಬೈರಮ್ಮ ತೀರಿಹೋಗಿ ಮೂರು ವರ್ಷವಾಯಿತು. ಹೋದ ಮಾಘದಲ್ಲಿ ಭಾರತಮ್ಮನ ಅಣ್ಣ ನರಸಿಂಹಪ್ಪ ಮನೆ ಜಮೀನು ಎರಡನ್ನೂ ಮಾರಿ ಮಾಲೂರಿನ ಹೆಂಚಿನ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಜಮೀನು ಕೊಂಡ ಅಶ್ವತ್ಥಪ್ಪ ಹಿಪ್ಪುನೇರಳೆ ಕಿತ್ತು ಟೊಮ್ಯಾಟೊ ಹಾಕಿದರು. ಜ್ಯೇಷ್ಠದಲ್ಲಿ ಕೋಲಾರದ ಬಸ್ ಸ್ಟಾಂಡಿನಲ್ಲಿ ಸಿಕ್ಕ ಭಾರತಮ್ಮ, "ಈ ಸಲ ನನ್ನ ಲೆಕ್ಕದಿಂದ ಬಿಟ್ಬಿಡು ಚಿಕ್ಕಮ್ಮ. ನಂಗಿನ್ನು ತವರೆಲ್ಲೈತೆ?" ಎಂದು ಸೆರಗು ಬಾಯಿಗೆ ಹಿಡಿದುಕೊಂಡಳು.

ಮುನಿಗಂಗಮ್ಮ ಅಂದು ಮನೆಗೆ ಬರಲಿಲ್ಲ, ನೆಟ್ಟಗೆ ಆ ಜಮೀನಿಗೆ ಹೋದರು. ಬಾವಿಯ ಬದಿಯಲ್ಲಿ ಹಿಪ್ಪುನೇರಳೆಯ ಐದು ಗಿಡ ಹೇಗೋ ಉಳಿದುಕೊಂಡಿದ್ದವು. ಅವನ್ನೂ ಕೀಳಬೇಡ, ದಿನಾ ನಾಲ್ಕು ಎಲೆ ಕೊಡು ಎಂದು ಅಶ್ವತ್ಥಪ್ಪನನ್ನು ಕೇಳಿದರು. "ನಲವತ್ತು ಹುಳಕ್ಕೋಸ್ಕರ ದಿನಾ ಎರಡು ಮೈಲಿ ನಡೀತೀಯೇನಕ್ಕ? ತಲೆ ಸರಿಗೈತಾ?" ಎಂದು ಆತ ನಕ್ಕರೂ ಗಿಡ ಬಿಟ್ಟರು.

ಗೌರಿಗೆ ನಲವತ್ತೆರಡು ದಿನ ಇರುವಾಗ, ಆಗಷ್ಟೇ ಮೊಟ್ಟೆಯೊಡೆದ ನಲವತ್ತು ಮರಿಹುಳವನ್ನು ಕೋಳಿಪುಕ್ಕದಲ್ಲಿ ಸವರಿ ಒಂದು ಮೊರಕ್ಕೆ ಬಿಟ್ಟುಕೊಂಡರು. ಬೇರೆ ಕಡೆಯ ಒಂದು ಎಲೆಯನ್ನೂ ತಾಕಿಸಲಿಲ್ಲ. ದಿನವೂ ಬೆಳಕು ಹರಿಯುವ ಮುಂಚೆ ಹೋಗಿ ಬಾವಿಬದಿಯ ಸೊಪ್ಪು ಬಿಡಿಸಿ ತಂದರು. ಮೂರನೇ ಜ್ವರ ಕಳೆದ ಮೇಲೆ ಅಶ್ವತ್ಥಪ್ಪನ ಟೊಮ್ಯಾಟೊಗೆ ಹೊಡೆದ ಔಷಧಿ ಗಾಳಿಗೆ ಬಂದು ಎಲೆಯ ಮೇಲೆ ಕೂತಿತ್ತು. ಒಂದೇ ದಿನ ಹದಿಮೂರು ಹುಳ ಸತ್ತವು. ಆತ ಓಡಿಬಂದು ಕೈಮುಗಿದರು, ಹುಳ ಗೂಡು ಕಟ್ಟುವವರೆಗೆ ಔಷಧಿಯ ಮೆಷೀನು ಮುಟ್ಟಲಿಲ್ಲ. ಆಮೇಲೆ ಈ ನಾಲ್ಕೈದು ವರ್ಷದಿಂದ ಎಲ್ಲರ ನಿದ್ದೆಗೆಡಿಸಿರುವ, ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬಂತು. ಸೀರೆ ಕಟ್ಟಿ ಮರೆಮಾಡಿದರೂ ಹನ್ನೊಂದನ್ನು ಕೆಡಿಸಿತು. ಉಳಿದದ್ದು ಹದಿನಾರು. ಸರಿಯಾಗಿ ಹದಿನಾರು.

"ಅವತ್ತು ನಂಗೆ ಊಟ ಸೇರ್ಲಿಲ್ಲ. ಒಂದು ಕಮ್ಮಿ ಆದ್ರೂ ಹೋಯ್ತಲ್ಲ" ಎನ್ನುತ್ತಾರೆ ಅವರು. ಗೂಡು ಕಟ್ಟುವವರೆಗೂ ಆ ಮೊರದ ಪಕ್ಕದಲ್ಲೇ ಚಾಪೆ ಹಾಕಿಕೊಂಡರು.

ಈಗ ಒಂಬತ್ತು ಗಂಟೆಯಾಗಿದೆ. ಉಳಿದ ಎರಡು ಗೂಡು ಹಾಗೇ ಇವೆ. ಮುನಿಗಂಗಮ್ಮ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಇನ್ನೊಂದನ್ನೂ ಅಲ್ಲಾಡಿಸುತ್ತಾರೆ. ಜೀವವಿದ್ದರೆ ಒಳಗೆ ಲೊಟಲೊಟ ಎನ್ನಬೇಕು. ಎರಡೂ ಒಳಗೇ ಅಂಟಿಕೊಂಡು ಸತ್ತಿವೆ. ಸತ್ತ ಹುಳವಿರುವ ಗೂಡು ಬಾಗಿನಕ್ಕೆ ಆಗದು.

"ಬೇರೆ ಕುಡಿಕೆಯಿಂದ ಎರಡು ಹಾಕು. ಯಾರು ನೋಡ್ತಾರೆ?" ಎನ್ನುತ್ತಾರೆ ಚನ್ನರಾಯಪ್ಪ, ಬಸ್ಸಿನ ಚಿಂತೆಯಲ್ಲಿ.

"ನಾನು ನೋಡ್ತೀನಲ್ಲ" ಎಂದು ಮುನಿಗಂಗಮ್ಮ ಏಳುತ್ತಾರೆ.

ಅಟ್ಟದ ಏಣಿ ಹತ್ತಿ ಕೆಂಪು ಚೌಕಳಿಯ ಕುಡಿಕೆಯನ್ನು ಇಳಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಕಟ್ಟಿದ ಬಾಯಿ ಇದು. ಗಂಟು ಬಿಚ್ಚಲು ಬಾರದೆ ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಾರೆ. ಒಳಗೆ ಅಂದು ಹಿಂತಿರುಗಿ ಬಂದ ಹಾರ ಇದೆ. ಗೂಡುಗಳ ಬಣ್ಣ ಮಾಗಿದೆ, ಕೆಲವಕ್ಕೆ ಕಂದು ಕಲೆ ಇದೆ, ನೂಲು ಮಾತ್ರ ಸ್ವಲ್ಪವೂ ಕೆಟ್ಟಿಲ್ಲ. ಎಲ್ಲವೂ ಬೈರಮ್ಮ ಸೊಪ್ಪು ಹಾಕಿ ಸಾಕಿದ ಹುಳದವು. ಮುನಿಗಂಗಮ್ಮ ಬಹಳ ಹೊತ್ತು ಒಂದೊಂದನ್ನೂ ಮುಟ್ಟಿ ನೋಡಿ ಎರಡನ್ನು ಬಿಡಿಸಿಕೊಳ್ಳುತ್ತಾರೆ. ಹದಿನಾಲ್ಕು ಹೊಸದರ ನಟ್ಟನಡುವೆ ಅವೆರಡನ್ನು ಪೋಣಿಸುತ್ತಾರೆ. ಒಂದರ ಮೇಲೆ ಹತ್ತು ಪೈಸೆಯಷ್ಟಗಲ ಕಲೆ ಇದೆ. ಅದನ್ನು ಒಳಬದಿಗೆ ತಿರುಗಿಸಬಾರದೇ ಎಂದು ಗಂಡ ಕೇಳಿದರೆ, "ಹೊರಗೇ ಇರ್ಲಿ. ಗುರುತು ಬೇಕಲ್ಲ" ಎನ್ನುತ್ತಾರೆ. ಕೊನೆಯ ಮಣಿ ಪೋಣಿಸಿ ದಾರಕ್ಕೆ ಗಂಟು ಹಾಕುತ್ತಾರೆ.

ಈ ಸಲ ಪೋಸ್ಟ್‌ಮ್ಯಾನಿಗೆ ರಜ. ಮುನಿಗಂಗಮ್ಮ ಮುಖ ತೊಳೆದು, ಇಸ್ತ್ರಿ ಮಾಡಿದ ಸೀರೆಯುಟ್ಟು, ಹಸಿರು ಬಿಳಿ ಬುಟ್ಟಿಯನ್ನು ತಾವೇ ಹಿಡಿದು ಬಸ್ಸಿಗೆ ಹೊರಡುತ್ತಾರೆ. ಶಾಮಲಮ್ಮನವರಿಗೆ ಏನು ಹೇಳುತ್ತೀರಿ ಎಂದು ಕೇಳಿದರೆ ಬುಟ್ಟಿಯ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾರೆ.

"ಹದಿನಾಲ್ಕು ಆ ನೆಲದ್ದು, ಎರಡು ಬೈರಕ್ಕನ ಕೈಯಿಂದು. ಇದನ್ನ ವಾಪಸ್ ಕಳಿಸೋರು ಯಾರವ್ರೆ? ಬರ್ಲಿ, ನೋಡ್ತೀನಿ."